ನಾಟಕ ಕಲಿಸುವವರು ಎಲ್ಲಿಂದ ಬರುತ್ತಾರೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪದವಿ ಮುಗಿಸಿರುವ ನನ್ನ ಮಗಳು ನಾಟಕದಲ್ಲಿ ಎಂ.ಎ. ಮಾಡುತ್ತೇನೆನ್ನುತ್ತಾಳೆ. ಅವಳು ಸೇರಬೇಕೆಂದಿರುವ ವಿಭಾಗದ ಅಧ್ಯಾಪಕರ ಪರಿಚಯವನ್ನು ಓದಿದೆ. ಒಬ್ಬರು ಕನ್ನಡದಲ್ಲಿ ಪಿಎಚ್.ಡಿ. ಪಡೆದವರು. ಇನ್ನೊಬ್ಬರಿಗೆ ಎಂ.ಎ. ಇಲ್ಲ, ರಾಷ್ಟ್ರೀಯ ನಾಟಕ ಶಾಲೆಯ ಡಿಪ್ಲೊಮಾ ಇದೆ. ರಂಗಸಂಗೀತ ಹೇಳಿಕೊಡುವವರು ನಾಟಕ ಕಂಪನಿಗಳಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದರಂತೆ. ಎಂ.ಎ. ಇಲ್ಲದವರು ಎಂ.ಎ. ತರಗತಿಗೆ ಪಾಠ ಹೇಳುವುದು ಸರಿಯೇ?
– ಗಂಗಾವತಿಯ ಓದುಗರು

ಉತ್ತರ: ಸರಿಯೇ ಇದೆ, ನಿಯಮವೂ ಅದಕ್ಕೆ ಅವಕಾಶ ಕೊಟ್ಟಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ನಾಟಕದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎರಡು ದಾರಿಗಳನ್ನು ತೋರಿಸುತ್ತದೆ. ಕನಿಷ್ಠ ಶೇ 55 ಅಂಕಗಳ ಸ್ನಾತಕೋತ್ತರ ಪದವಿಯ ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಂಥ ಅರ್ಹತೆ ಇರುವುದು ಒಂದು. ರಾಷ್ಟ್ರೀಯ ನಾಟಕ ಶಾಲೆಯಿಂದಾಗಲಿ, ಮಾನ್ಯತೆ ಪಡೆದ ಅಂಥ ಬೇರೆ ಸಂಸ್ಥೆಯಿಂದಾಗಲಿ ಪ್ರಥಮ ದರ್ಜೆಯ ಡಿಪ್ಲೊಮಾ ಪಡೆದು, 5 ವರ್ಷ ರಂಗದ ಮೇಲೆ ದುಡಿದು ಹೆಸರು ಮಾಡಿದ್ದಕ್ಕೆ ದಾಖಲೆ ಒದಗಿಸಿ, ಬಲ್ಲದ್ದನ್ನು ವಿವರಿಸಿ ಕಲಿಸುವ ಶಕ್ತಿಯೂ ಇರುವ ಕಲಾವಿದರಾಗಿರುವುದು ಇನ್ನೊಂದು. 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯ ಡಿಪ್ಲೊಮಾ, ಪದವಿ ಮುಗಿಸಿದವರು 3 ವರ್ಷ ಬೆಳಗಿನಿಂದ ರಾತ್ರಿಯವರೆಗೆ ಅಭಿನಯ, ರಂಗಸಜ್ಜಿಕೆ, ಬೆಳಕು, ನಿರ್ದೇಶನಗಳಲ್ಲಿ ಮುಳುಗಿ ಪಡೆಯುವ ಶಿಕ್ಷಣ. ಹೆಸರು ಡಿಪ್ಲೊಮಾ ಎಂದಿರುವುದರಿಂದ ಅದನ್ನು ಕಡಿಮೆಯೆಂದು ಎಣಿಸಬೇಡಿ.

ಕನ್ನಡದ ದೊಡ್ಡ ರಂಗಗುರು ಬಿ.ವಿ. ಕಾರಂತರು ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದು, ಕಾಶಿಯಲ್ಲಿ ಹಿಂದಿ ಎಂ.ಎ. ಮಾಡಿ, ಆಮೇಲೆ ನಾಟಕ ಶಾಲೆಗೆ ಸೇರಿದವರು. 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯನ್ನು ಕಟ್ಟಿದರು. ಕಂಪನಿ, ವಿಶ್ವವಿದ್ಯಾಲಯ, ತರಬೇತಿ ಶಾಲೆ ಈ ಮೂರೂ ಒಬ್ಬರಲ್ಲೇ ಕೂಡುವುದು ಅಪರೂಪ. ಆದ್ದರಿಂದ ಒಳ್ಳೆಯ ವಿಭಾಗವು ಮೂರು ಕಡೆಯಿಂದ ಬಂದವರನ್ನು ಒಂದೆಡೆ ಸೇರಿಸಿಕೊಳ್ಳುತ್ತದೆ. ನೀವು ಓದಿದ ಪಟ್ಟಿಯಲ್ಲಿ ಅದೇ ಆಗಿದೆ, ಅದನ್ನು ಕಂಡು ನನಗೆ ಸಂತೋಷವೇ ಆಯಿತು.

ಪೇಟಿ ಮಾಸ್ತರರ ಬಗ್ಗೆ ನಿಮಗೆ ಹೆಚ್ಚಿನ ಅನುಮಾನವಿದ್ದಂತಿದೆ. ನಮ್ಮ ಭಾಗದ ಹಳ್ಳಿಗಳಲ್ಲಿ ನಾಟಕದ ತಾಲೀಮನ್ನು ನೋಡಿದವರಿಗೆ ಅವರ ಕೆಲಸ ಗೊತ್ತು. ಬಿಳಿ ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೆಯ ಬಿಳಿ ಮನೆಯ ಎತ್ತರದ ಶ್ರುತಿಯಲ್ಲಿ, ಹಾಡಲು ಹೋಗಿ ಉಸಿರು ಕಟ್ಟುವ ಹುಡುಗನಿಗೆ ಶ್ರುತಿಯನ್ನು ಕರಿ ಒಂದಕ್ಕೆ ಇಳಿಸಿ ಕೊಡುವವರು, ಮಾತು ಎಲ್ಲಿ ನಿಂತು ಹಾಡು ಎಲ್ಲಿ ಎತ್ತಿಕೊಳ್ಳಬೇಕೆಂಬುದನ್ನು ಪೇಟಿಯ ಒಂದು ಸ್ವರದಿಂದ ಸೂಚಿಸುವವರು, ಮಾತು ಮರೆತ ನಟ ಸಾವರಿಸಿಕೊಳ್ಳುವವರೆಗೆ ಮಟ್ಟನ್ನು ಇನ್ನೊಂದು ಸುತ್ತು ನುಡಿಸಿ ಕಾಯುವವರು ಅವರೇ. ಬಳ್ಳಾರಿಯ ಗಾಯಕ ನಟಿ ಸುಭದ್ರಮ್ಮ ಮನ್ಸೂರರ ಹಾಡು, ಮಾತು ಎರಡೂ ಪಳಗಿದ್ದು ಇಂಥ ವೃತ್ತಿ ರಂಗಭೂಮಿಯಲ್ಲಿ. ಆ ತಿಳಿವಳಿಕೆ ಪುಸ್ತಕ ಓದಿದ ಮಾತ್ರಕ್ಕೆ ಬರುವಂಥದ್ದಲ್ಲ.

ಹಾಗೆಂದು ಪಿಎಚ್.ಡಿ. ಪಡೆದವರ ಪಾಠ ಬರೀ ಒಣ ಪಾಠವೆಂದು ಮಗಳು ತಿಳಿಯಬಾರದು. 1991ರಲ್ಲಿ ಆರಂಭವಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನೇ ಕುರಿತು ಸಂಶೋಧನೆ ಮಾಡಿದವರು, ಜೊತೆಗೆ ನಾಟಕಕಾರರು. ಪರಿಚಯವನ್ನು ಓದುವಾಗ ಪದವಿಗಳ ಸಾಲಿಗಿಂತ ಕೆಳಗೆ ಕಣ್ಣು ಹಾಯಿಸಿ, ಅವರು ಆಡಿಸಿದ ನಾಟಕಗಳು ಯಾವುವು, ಇತ್ತೀಚೆಗೂ ಆಡಿಸುತ್ತಿದ್ದಾರೆಯೇ, ಅವರಲ್ಲಿ ಕಾಯಂ ನೌಕರರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂಬುದನ್ನು ನೋಡಿ. ಕೊನೆಯದನ್ನು ಮಾತ್ರ ಖುದ್ದಾಗಿ ವಿಭಾಗಕ್ಕೆ ಹೋಗಿ ಕೇಳಿ. ಅತಿಥಿ ಉಪನ್ಯಾಸಕರು ಎಷ್ಟೇ ಸಮರ್ಥರಾಗಿದ್ದರೂ ವರ್ಷದ ನಡುವೆ ಬದಲಾದರೆ ಅರ್ಧ ಕಟ್ಟಿದ ನಾಟಕ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಹವ್ಯಾಸಿ ತಂಡಗಳಿಗೆ ಬೆಳಕಿನ ಕೆಲಸ ಮಾಡುತ್ತೇನೆ, ಓದಿದ್ದು ಪಿಯುಸಿ. ನನ್ನಂಥವರಿಗೆ ವಿಶ್ವವಿದ್ಯಾಲಯದಲ್ಲಿ ಜಾಗವಿದೆಯೇ?
– ಸಿಂಧನೂರಿನ ಓದುಗರು

ಉತ್ತರ: ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮೇಲೆ ಹೇಳಿದ ಅರ್ಹತೆಗಳು ಬೇಕೇ ಬೇಕು. ನಿಮಗೆ ಹತ್ತಿರದ ದಾರಿಯೆಂದರೆ ತಾಂತ್ರಿಕ ಸಿಬ್ಬಂದಿಯ ಕೆಲಸ. ಅದರ ವಿದ್ಯಾರ್ಹತೆ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಅಧಿಸೂಚನೆಯನ್ನು ಓದಿಯೇ ಅರ್ಜಿ ಹಾಕಿ. ಆಯೋಗವು 2022ರಲ್ಲಿ ಇನ್ನೊಂದು ದಾರಿಯನ್ನೂ ತೆರೆಯಿತು. ಕನಿಷ್ಠ 15 ವರ್ಷ ತಮ್ಮ ವೃತ್ತಿಯಲ್ಲಿ ದುಡಿದು ಪರಿಣತರೆನಿಸಿದವರನ್ನು, ಪದವಿಯ ಕಡ್ಡಾಯವಿಲ್ಲದೆ, ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂದು ನಿಗದಿತ ಅವಧಿಗೆ ನೇಮಿಸಿಕೊಳ್ಳಬಹುದು. ಆದ್ದರಿಂದ ಮಾಡಿದ ಪ್ರತಿ ಪ್ರದರ್ಶನದ ಕರಪತ್ರ, ಬೆಳಕಿನ ನಕ್ಷೆ, ಫೋಟೊಗಳನ್ನು ತಾರೀಖು ಸಮೇತ ಕೂಡಿಟ್ಟುಕೊಳ್ಳಿ. ಬಾಯಿಮಾತಿನ ಅನುಭವವನ್ನು ಯಾವ ಆಯ್ಕೆ ಸಮಿತಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಚಯದ ಪಟ್ಟಿಗಳಲ್ಲಿ ತಾಂತ್ರಿಕ ಸಿಬ್ಬಂದಿಯ ಹೆಸರು ಬಹಳ ಸಲ ಕಾಣುವುದೇ ಇಲ್ಲ. ಯಾವ ದೀಪವನ್ನು ಯಾವ ಕೋನದಲ್ಲಿ ಕಟ್ಟಿದರೆ ನಟನ ಕಣ್ಣಿನ ಕೆಳಗೆ ನೆರಳು ಬೀಳುವುದಿಲ್ಲವೆಂದು ವಿದ್ಯಾರ್ಥಿಗೆ ಏಣಿ ಹತ್ತಿಸಿ ತೋರಿಸುವವರೂ ಗುರುಗಳೇ. ಅವರ ಹೆಸರನ್ನು ಬಿಡುವುದು ಅನ್ಯಾಯವೆಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ನಮ್ಮ ಬಯಲಾಟದ ಮಾಸ್ತರರನ್ನು ವಿಶ್ವವಿದ್ಯಾಲಯಗಳು ಅಧ್ಯಾಪಕರೆಂದು ಏಕೆ ತೆಗೆದುಕೊಳ್ಳುವುದಿಲ್ಲ?
– ಸಿರುಗುಪ್ಪದ ಓದುಗರು

ಉತ್ತರ: ಹುದ್ದೆಯ ನಿಯಮ ಪ್ರಮಾಣಪತ್ರವನ್ನು ಕೇಳುತ್ತದೆ, ಅವರ ವಿದ್ಯೆಯೋ ಬಾಯಿಂದ ಬಾಯಿಗೆ ಬಂದದ್ದು. ಹಾಡುತ್ತ ಕಥೆ ಹೇಳುವ ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮನವರಿಗೆ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಗೌರವ ಸಂದದ್ದು ಸರಿ, ಆದರೆ ಅಂಥವರ ಮುಂದೆ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪೂರ್ತಿ ಕೂತು ಕಲಿಯುವ ವ್ಯವಸ್ಥೆಯೂ ಬೇಕು. ಸಿಂಧನೂರಿನವರಿಗೆ ಹೇಳಿದ 15 ವರ್ಷಗಳ ನಿಯಮ ಬಯಲಾಟದ ಮಾಸ್ತರರಿಗೂ ಒಪ್ಪುತ್ತದೆ. ಅವರು ಆಡಿಸಿದ ಪ್ರಸಂಗಗಳು, ಊರುಗಳು, ಇಸವಿಗಳನ್ನು ಬರೆದು, ಊರಿನವರ ಸಹಿ ಹಾಕಿಸಿ, ಸಮೀಪದ ವಿಶ್ವವಿದ್ಯಾಲಯದ ಕುಲಸಚಿವರಿಗೆ ಲಿಖಿತ ಮನವಿ ಕೊಡಿ.