‘ಗಲಡ್’ ಬೆಳಕು, ‘ಗಲದ್’ ಮರ

(ಮಾಲೂರಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಇಂಗ್ಲಿಷ್ ಲೇಖಕ ಟೋಲ್ಕೀನ್ ಕಥೆಯ ‘ಗಲದ್ರಿಯೆಲ್’ ಎಂಬ ಹೆಣ್ಣಿನ ಹೆಸರಿಗೆ ‘ಮರಗಳ ಒಡತಿ’ ಎಂದು ಅರ್ಥ ಕೊಟ್ಟಿದ್ದೀರಿ. ತಪ್ಪು ಎನ್ನುತ್ತಾಳೆ ನನ್ನ ಮೊಮ್ಮಗಳು. ಎಲ್ಫ್ ಎಂಬ ಕಲ್ಪಿತ ಜನರಿಗಾಗಿ ಒಬ್ಬ ಮನುಷ್ಯ ಕುಳಿತು ಕಟ್ಟಿದ ಭಾಷೆಯಲ್ಲಿ ಸರಿ ಯಾವುದು, ತಪ್ಪು ಯಾವುದು? ಅದರಲ್ಲಿ ‘ನೆನ್’ ಎಂದರೆ ನೀರಂತೆ. ನಮ್ಮ ‘ನೆನೆ’ಗೂ ಅದಕ್ಕೂ ನಂಟಿದೆಯೆ?)

ಮಾನ್ಯ ಮೇಷ್ಟರೇ,

ಮೊಮ್ಮಗಳ ಮಾತೇ ಸರಿ. ಅಚ್ಚಿಗೆ ಹೋಗುವ ಮುನ್ನ ನಾನು ನೋಡಬೇಕಿತ್ತು, ನೋಡಲಿಲ್ಲ. ಆ ಹೆಸರಿನಲ್ಲಿರುವುದು ‘ಡ’. ನಾವು ಹಾಕಿದ್ದು ‘ದ’. ಸಿಂಡಾರಿನ್ ಎಂಬ ಎಲ್ಫ್ ಭಾಷೆಯಲ್ಲಿ ‘ಗಲಡ್’ ಎಂದರೆ ಹೊಳಪು, ‘ಗಲದ್’ ಎಂದರೆ ಮರ. ‘ರಿಯೆಲ್’ ಎಂದರೆ ಮುಡಿಗೆ ಮಾಲೆ ಸುತ್ತಿದ ಹೆಣ್ಣು. ಆಕೆಯ ಹೊಂಗೂದಲನ್ನು ನೋಡಿ ಇಟ್ಟ ಹೆಸರು ಅದು.

ನಮ್ಮ ತಪ್ಪಿಗೆ ಕಥೆಯೊಳಗೇ ಜೊತೆಗಾರರಿದ್ದಾರೆ. ಆಕೆ ಇದ್ದದ್ದು ಲೋತ್‌ಲೋರಿಯೆನ್ ಎಂಬ ಕಾಡುನಾಡಿನಲ್ಲಿ. ಹಳೆಯ ಸಂಗತಿಗಳು ಮರೆತುಹೋದ ಮೇಲೆ, ಕಾಡಿನಲ್ಲಿರುವವಳ ಹೆಸರಿನಲ್ಲಿ ಮರ ಇರಲೇಬೇಕೆಂದುಕೊಂಡ ಹೊರಗಿನವರು ಡಕಾರವನ್ನು ದಕಾರ ಮಾಡಿಬಿಟ್ಟರು. ಆ ನಾಡಿನ ಒಳಗೆ ಮಾತ್ರ ಯಾರೂ ಹಾಗೆ ಕರೆಯಲಿಲ್ಲ. ಟೋಲ್ಕೀನ್ ಬರೆದಿಟ್ಟ ವಿವರಣೆಯೇ ಇದು. ತಾನು ಕಟ್ಟಿದ ಭಾಷೆಯನ್ನು ಆಡುವವರಿಂದ ತಪ್ಪು ನಿರುಕ್ತಿಯನ್ನೂ ಮಾಡಿಸಿದ ಪುಣ್ಯಾತ್ಮ! ನಮ್ಮಲ್ಲೂ ನಡೆದದ್ದು ಇದೇ ಅಲ್ಲವೆ? ಗಂಗರ ಶಾಸನಗಳಲ್ಲಿ ‘ಕುವಳಾಲಪುರ’ ಎಂದಿರುವ ಊರಿಗೆ, ಪರಶುರಾಮನು ಕಾರ್ತವೀರ್ಯನನ್ನು ಕೊಂದಾಗ ಎದ್ದ ‘ಕೋಲಾಹಲ’ದಿಂದ ಕೋಲಾರ ಎಂಬ ಹೆಸರು ಬಂತೆಂದು ಈಗಲೂ ಹೇಳುವವರಿದ್ದಾರೆ. ಕಥೆ ಸೊಗಸಾಗಿದೆ, ನಾನೂ ಹೇಳಿದ್ದೇನೆ. ಆದರೆ ಶಾಸನದ ಅಕ್ಷರ ಬೇರೆ.

ಸರಿತಪ್ಪಿನ ಪ್ರಶ್ನೆಗೆ ಬರುತ್ತೇನೆ. ಭಾಷೆ ಕಟ್ಟಿದ್ದೆಂದ ಮಾತ್ರಕ್ಕೆ ಪದಗಳೆಲ್ಲ ಬಾಯಿಗೆ ಬಂದಂತೆ ಹುಟ್ಟಿದವಲ್ಲ. ಟೋಲ್ಕೀನ್ (1892–1973) ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ಮಾತು ಹೇಗೆ ಸವೆಯುತ್ತದೆಂದು ಬಲ್ಲವರು. ಅವರು ಮೊದಲು ಒಂದು ಮೂಲಭಾಷೆಯ ಧಾತುಗಳನ್ನು ಇಟ್ಟುಕೊಂಡು, ಅದರಿಂದ ಭಾಷೆಗಳು ಕವಲೊಡೆಯುವಾಗ ಯಾವ ಧ್ವನಿ ಏನಾಗಬೇಕೆಂದು ಕಟ್ಟು ಹಾಕಿದರು. ಮರ ಎಂಬರ್ಥದ ‘ಗಲದಾ’ ಎಂಬ ಮೂಲರೂಪ, ಫಿನ್ನಿಷ್ ನಾದಕ್ಕೆ ಮನಸೋತು ಕಟ್ಟಿದ ಕ್ವೆನ್ಯಾ ಎಂಬ ಇನ್ನೊಂದು ಎಲ್ಫ್ ಭಾಷೆಯಲ್ಲಿ, ಮೊದಲ ಗಕಾರವನ್ನೂ ನಡುವಿನ ಸ್ವರವನ್ನೂ ಕಳೆದುಕೊಂಡು ‘ಅಲ್ಡ’ ಆಯಿತು. ವೆಲ್ಷ್ ಜಾಡಿನ ಸಿಂಡಾರಿನ್‌ನಲ್ಲಿ ಕೊನೆಯ ಸ್ವರ ಬಿದ್ದು ‘ಗಲದ್’ ಆಯಿತು. ಮೂಲದ ‘ಕ್ವ’ ಕ್ವೆನ್ಯಾದಲ್ಲಿ ಹಾಗೆಯೇ ಉಳಿಯುತ್ತದೆ, ಸಿಂಡಾರಿನ್‌ನಲ್ಲಿ ಪಕಾರವಾಗುತ್ತದೆ. ಹಾಗಾಗಿ ‘ಮಾತು, ಪದ’ ಎಂಬುದಕ್ಕೆ ಅಲ್ಲಿ ‘ಕ್ವೆತ್ತ’, ಇಲ್ಲಿ ‘ಪೆತ್’.

ಮುಳಬಾಗಿಲಿನ ಸಂತೆಯಲ್ಲಿ ಅರ್ಧ ದಿನ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಿವಿ ತೆಲುಗಿನವರಿಗೆ ಚೆವಿ, ನಮ್ಮ ಕೆರೆ ಅವರ ಚೆರುವು, ಇಲ್ಲಿ ಕೆಟ್ಟದ್ದು ಅಲ್ಲಿ ಚೆಡುತ್ತದೆ. ಇಕಾರ ಎಕಾರಗಳ ಮುಂದೆ ನಾವು ಉಳಿಸಿಕೊಂಡ ಕಕಾರವನ್ನು ಅವರು ಚಕಾರ ಮಾಡಿಕೊಂಡರು. ನಾವೇನು ಕಡಿಮೆ? ಅವರು ಜೋಪಾನ ಮಾಡಿದ ಪಾಲು, ಪುಲಿ, ಪಲ್ಲುಗಳನ್ನು ಹಾಲು, ಹುಲಿ, ಹಲ್ಲು ಮಾಡಿದೆವು. ಇಂಥ ಸಾಲುಗಳಿಗೆ ಹೊಂದದ ಅರ್ಥವನ್ನು ಕನ್ನಡದಲ್ಲಿ ತಪ್ಪೆನ್ನುವುದಾದರೆ ಸಿಂಡಾರಿನ್‌ನಲ್ಲಿಯೂ ಅನ್ನಬಹುದು.

ಈ ಶಿಸ್ತು ಎಲ್ಲೆಡೆಯೂ ಇತ್ತೆಂದರೆ ಸುಳ್ಳಾಗುತ್ತದೆ. ‘ಎಯರೆಂಡಿಲ್’ ಎಂಬ ನಾವಿಕನ ಹೆಸರನ್ನೇ ನೋಡಿ. ಹಳೆಯ ಇಂಗ್ಲಿಷ್ ಪದ್ಯವೊಂದರಲ್ಲಿ ಉಜ್ವಲ ತಾರೆಯನ್ನು ಕೂಗಿ ಕರೆಯುವ ‘ಎಯರೆಂಡೆಲ್’ ಎಂಬ ಪದಕ್ಕೆ ಮರುಳಾಗಿ ಟೋಲ್ಕೀನ್ 1914ರಲ್ಲಿ ಅದರ ಮೇಲೆ ಕವನ ಬರೆದರು. ‘ಎಯರ್’ ಎಂದರೆ ಕಡಲು, ‘ಎಂಡಿಲ್’ ಎಂದರೆ ಒಲಿದವನು ಎಂಬ ಎಲ್ಫ್ ನಿಷ್ಪತ್ತಿ ಆಮೇಲೆ ಬಂತು. ಬಂದ ಸೊಸೆಗೆ ಗೋತ್ರ ಹುಡುಕಿದ ಹಾಗೆ. ನನಗಂತೂ ಈ ಕಳ್ಳತನವೇ ಹೆಚ್ಚು ಇಷ್ಟ.

ಇನ್ನು ‘ನೆನ್’. ಸಿಂಡಾರಿನ್‌ನಲ್ಲಿ ಅದಕ್ಕೆ ನೀರು ಎಂಬ ಅರ್ಥವಿರುವುದು ನಿಜ. ಮಳೆಯಲ್ಲಿ ನೆನೆದವರಿಗೆ ಮೈ ಜುಮ್ಮೆನ್ನುವುದೂ ಸಹಜ. ಆದರೆ ನಮ್ಮ ‘ನೆನೆ’ಯ ಬಂಧುಗಳನ್ನು ಕರೆದು ಕೂರಿಸಿ: ತಮಿಳಿನಲ್ಲಿ ‘ನನೈ’, ತೆಲುಗಿನಲ್ಲಿ ‘ನಾನು’, ಕನ್ನಡದಲ್ಲೇ ಹಿಂದಿನ ರೂಪ ‘ನನೆ’. ಮೊದಲ ಅಕ್ಷರದಲ್ಲಿದ್ದದ್ದು ಅಕಾರ. ನೀವು ಹಿಡಿದ ಎಕಾರ ನಮ್ಮ ಮನೆಯಲ್ಲೇ ತಡವಾಗಿ ಬಂದದ್ದು. ಜೊತೆಗೆ, ನಂಟು ಎನ್ನಲು ಒಂದು ಜೋಡಿ ಸಾಲದು. ಕಿವಿ–ಚೆವಿಯ ಹಿಂದೆ ಕೆರೆ–ಚೆರುವು ನಿಂತಂತೆ ಸಾಲು ನಿಲ್ಲಬೇಕು. ಕ್ವೆನ್ಯಾದಲ್ಲಿ ‘ಅತ್ತೊ’ ಎಂದರೆ ಅಪ್ಪ. ಅತ್ತೆಯೊಡನೆ ಅದನ್ನು ಹೊಂದಿಸಲು ಹೊರಟರೆ ನಿಮ್ಮ ಮೊಮ್ಮಗಳೇ ನಗುತ್ತಾಳೆ.

ಈ ಸಂಚಿಕೆಯ ಕೊನೆಯ ಪುಟದಲ್ಲಿ ತಿದ್ದುಪಡಿ ಇದೆ. ಹಳೆಯ ಪ್ರತಿಯನ್ನು ತೆಗೆದಿಟ್ಟಿದ್ದರೆ ಆ ‘ದ’ವನ್ನು ‘ಡ’ ಮಾಡುವ ಕೆಲಸವನ್ನು ಆಕೆಗೇ ಕೊಡಿ. ಕೆಂಪು ಶಾಯಿಯಾದರೂ ನಮ್ಮ ಅಭ್ಯಂತರವಿಲ್ಲ.

– ಸಂಪಾದಕ, ಕೋಲಾರ