ಗೊಂಬೆ ಕೇಳಲಿ, ಟೀಚರ್ ಹೇಳಲಿ

ಮೂಡಿಗೆರೆ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರು ಸಂಡೇ ಸ್ಕೂಲ್ ಟೀಚರ್. ವಿ.ಬಿ.ಎಸ್.ಗೆಂದು, ಅಂದರೆ ಮಕ್ಕಳ ರಜೆಯ ಬೈಬಲ್ ಶಾಲೆಗೆಂದು, ಬಾಯಿ ತೆರೆಯುವ ಕೈಗೊಂಬೆಯೊಂದನ್ನು ತರಿಸಿ, ತುಟಿ ಅಲ್ಲಾಡಿಸದೆ ಅದನ್ನು ಮಾತಾಡಿಸುವುದನ್ನು ಕಲಿಯುತ್ತಿದ್ದಾರೆ. ಚರ್ಚ್ ಸಭೆಯ ಹಿರಿಯರೊಬ್ಬರು, ‘ಇದು ಭೂತ ಮಾತಾಡಿಸೋ ವಿದ್ಯೆ. ಮಕ್ಕಳಿಗೆ ಸುಳ್ಳು ಹೇಳಿದ ಹಾಗೂ ಆಯ್ತು. ದೇವಾಲಯದಲ್ಲಿ ಬೇಡ’ ಎಂದಿದ್ದಾರೆ. ಈ ನಡುವೆ ಪಕ್ಕದ ಎಸ್ಟೇಟಿನವರು ಮಗನ ಬರ್ತ್‌ಡೇಗೆ ಬಂದು ಗೊಂಬೆ ಆಡಿಸಿ, ದುಡ್ಡು ಕೊಡುತ್ತೇವೆ ಎಂದು ಕರೆದಿದ್ದಾರೆ. ಹೋಗಬಹುದಾ? ದುಡ್ಡು ತಗೊಳ್ಳಬಹುದಾ? ‘ಪ, ಬ, ಮ ಬಂದ ಕೂಡಲೇ ತುಟಿ ಸೇರಿಬಿಡುತ್ತೆ, ಏನು ಮಾಡಲಿ?’ ಎನ್ನುವುದು ಕೊನೆಯ ಪ್ರಶ್ನೆ.

ಪ್ರಿಯ ಸಹೋದರಿ, ವಂದನೆಗಳು.

ಆಡಿಸಿ. ಸಭೆಯಲ್ಲೂ ಆಡಿಸಿ, ಬರ್ತ್‌ಡೇಯಲ್ಲೂ ಆಡಿಸಿ. ಆದರೆ ಗೊಂಬೆಯನ್ನು ಉಪದೇಶಿ ಮಾಡಬೇಡಿ. ನಾನು ಹೇಳಬೇಕಾಗಿರುವುದು ಅಷ್ಟೇ. ಉಳಿದದ್ದು ಅದಕ್ಕೆ ಕಾರಣ.

ಮೊದಲು ಹಿರಿಯರ ಮಾತು. ಅವರನ್ನು ನೋಡಿ ನಗಬೇಡಿ, ಆ ಭಯಕ್ಕೆ ಬಹಳ ಹಳೆಯ ಬೇರು ಇದೆ. ರಾಜ ಸೌಲನು ರಾತ್ರಿ ವೇಷ ಮರೆಸಿಕೊಂಡು, ಸತ್ತವರನ್ನು ಕರೆಸಿ ಮಾತಾಡಿಸುವ ಏಂದೋರಿನ ಹೆಂಗಸಿನ ಹತ್ತಿರ ಹೋದ ಕಥೆ ಬೈಬಲಿನ ಒಂದನೆಯ ಸಮುವೇಲ 28ರಲ್ಲಿದೆಯಲ್ಲ, ಹಳೆಯ ಗ್ರೀಕ್ ಬೈಬಲಿನಲ್ಲಿ ಅಂಥವರನ್ನು ಹೊಟ್ಟೆಯಿಂದ ಮಾತಾಡುವವರು ಎಂದೇ ಕರೆದಿದ್ದಾರೆ. ಹೊಟ್ಟೆಯೊಳಗೆ ಸೇರಿದ ಆತ್ಮ ಮಾತಾಡುತ್ತದೆ ಎಂದು ಜನ ಎಷ್ಟೋ ಕಾಲ ನಂಬಿದ್ದರು. ಅದು ಹಾಗಲ್ಲ ಎಂದು ತೋರಿಸಲು ಹೊರಟವರಲ್ಲಿ ಒಬ್ಬ ಪಾದ್ರಿಯೂ ಇದ್ದರು ಅನ್ನುವುದನ್ನು ಹಿರಿಯರಿಗೆ ಹೇಳಿ. ಫ್ರಾನ್ಸಿನ ಆಬೆ ಡಿ ಲಾ ಶಾಪೆಲ್ 1772ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಪ್ಯಾರಿಸ್ ಹತ್ತಿರದ ಊರಿನಲ್ಲಿ ಸೇಂಟ್ ಜಿಲ್ ಎಂಬ ದಿನಸಿ ಅಂಗಡಿಯವನಿದ್ದ. ಪಾದ್ರಿಗಳು ಅವನನ್ನು ಹುಡುಕಿಕೊಂಡು ಹೋದರು. ಮನುಷ್ಯ ಎದುರಿಗೇ ಕೂತಿದ್ದಾನೆ, ದನಿ ಮಾತ್ರ ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತದೆ. ವಿಚಾರಿಸಿ ನೋಡಿದರೆ ಭೂತವೂ ಇಲ್ಲ, ಮಂತ್ರವೂ ಇಲ್ಲ. ನಾಲಿಗೆ ಮತ್ತು ಗಂಟಲನ್ನು ಪಳಗಿಸಿಕೊಂಡಿದ್ದ, ಅಷ್ಟೇ.

ಹೊಟ್ಟೆಗೂ ಇದಕ್ಕೂ ಸಂಬಂಧ ಇಲ್ಲ. ದನಿಯನ್ನು ಯಾರೂ ಎಸೆಯುವುದೂ ಇಲ್ಲ. ಎಲ್ಲಿ ಬಾಯಿ ಅಲ್ಲಾಡುತ್ತದೋ ದನಿ ಅಲ್ಲಿಂದಲೇ ಬಂತು ಎಂದು ನಮ್ಮ ಮಿದುಳು ತೀರ್ಮಾನಿಸಿಬಿಡುತ್ತದೆ. ಸಿನಿಮಾ ಥಿಯೇಟರಿನಲ್ಲಿ ಸ್ಪೀಕರಿನ ದನಿ ಹೀರೋ ಬಾಯಿಂದಲೇ ಬಂದ ಹಾಗೆ ಅನಿಸುವುದಿಲ್ಲವೇ, ಅದೂ ಇದೇ.

ಇನ್ನು ಸುಳ್ಳಿನ ಮಾತು. ಬೈಬಲಿನ ನ್ಯಾಯಸ್ಥಾಪಕರು 9ರಲ್ಲಿ ಯೋತಾಮ ಎಂಬವನು ಬೆಟ್ಟದ ಮೇಲೆ ನಿಂತು ಮರಗಳನ್ನೇ ಮಾತಾಡಿಸುತ್ತಾನೆ. ಎಣ್ಣೆಮರ (ಆಲಿವ್), ಅಂಜೂರ, ದ್ರಾಕ್ಷಿ ಎಲ್ಲವೂ ‘ನನಗೆ ರಾಜನ ಪಟ್ಟ ಬೇಡ’ ಅನ್ನುತ್ತವೆ, ಕೊನೆಗೆ ಮುಳ್ಳಿನ ಪೊದೆ ಮುಂದೆ ಬರುತ್ತದೆ. ಯೋತಾಮ ಸುಳ್ಳು ಹೇಳಿದ ಎಂದು ಯಾರಾದರೂ ಅಂದಿದ್ದಾರಾ? ಕೇಳುವವರಿಗೆ ಆಟ ಎಂದು ಗೊತ್ತಿದ್ದರೆ ಅದು ಸುಳ್ಳಲ್ಲ. ಆಟ ಮುಗಿದ ಮೇಲೆ ಮಗು ಬಂದು ‘ಅದು ನಿಜವಾಗ್ಲೂ ಮಾತಾಡುತ್ತಾ?’ ಎಂದು ಕೇಳಿದರೆ ಮಾತ್ರ ನೇರವಾಗಿ ಹೇಳಿಬಿಡಿ. ಕೈ ಹಾಕಿ ನೋಡಲಿ. ಗುಟ್ಟು ಗೊತ್ತಾದ ಮೇಲೂ ಮಕ್ಕಳು ಗೊಂಬೆಯ ಮುಖ ನೋಡಿಕೊಂಡೇ ಉತ್ತರ ಕೊಡುತ್ತಾರೆ, ನೀವೇ ನೋಡುತ್ತೀರಿ. ವಿಗ್ರಹ ಎಂಬ ತಕರಾರು ಬಂದರೆ, ಅದಕ್ಕೆ ಯಾರೂ ಅಡ್ಡಬೀಳುತ್ತಿಲ್ಲ ಎಂದರೆ ಸಾಕು.

ಈಗ ಪ, ಬ, ಮ. ಇಲ್ಲೇ ಸ್ವಾರಸ್ಯ ಇರುವುದು. ಹಲ್ಲು ಮೆಲ್ಲಗೆ ತಾಗುವಂತೆ, ತುಟಿ ಸ್ವಲ್ಪ ಬಿಟ್ಟಂತೆ ಇಟ್ಟುಕೊಂಡರೆ ಕನ್ನಡದ ಹೆಚ್ಚಿನ ಅಕ್ಷರಗಳು ನಾಲಿಗೆಯಿಂದಲೇ ಹೊರಡುತ್ತವೆ. ತೊಂದರೆ ಇರುವುದು ಪ, ಫ, ಬ, ಭ, ಮಗಳದ್ದು, ಸ್ವಲ್ಪ ಮಟ್ಟಿಗೆ ವ ಅಕ್ಷರದ್ದು. ಕಸುಬಿನವರು ಪ ಬದಲು ತ, ಬ ಬದಲು ದ, ಮ ಬದಲು ನ ಹಾಕುತ್ತಾರೆ, ಮನಸ್ಸಿನಲ್ಲಿ ಮಾತ್ರ ಮೂಲ ಅಕ್ಷರವನ್ನೇ ಇಟ್ಟುಕೊಳ್ಳುತ್ತಾರೆ. ‘ದಾಳೆಹಣ್ಣು ತಿಂದೆ’ ಎಂದು ಗೊಂಬೆ ಬೇಗ ಹೇಳಿದರೆ ಕೇಳುವವರ ಕಿವಿ ಅದನ್ನು ಬಾಳೆಹಣ್ಣು ಮಾಡಿಕೊಳ್ಳುತ್ತದೆ. ಆದರೆ ಇದೇ ಲೆಕ್ಕದಲ್ಲಿ ‘ಅಮ್ಮ’ ಹೋಗಿ ‘ಅನ್ನ’ ಆಗುತ್ತದೆ. ‘ಪಾಪ’ ಹೋಗಿ ‘ತಾತ’ ಆಗುತ್ತದೆ! ‘ನಮ್ಮ ತಾತಗಳನ್ನು ಕ್ಷಮಿಸು’ ಎಂದು ಗೊಂಬೆ ಬೇಡಿಕೊಂಡರೆ ಮುಂದಿನ ಬೆಂಚಿನ ಅಜ್ಜಂದಿರ ಗತಿ ಏನು?

ಒಮ್ಮೆ ಗಮನಿಸಿ. ಪಾಪ, ಕೃಪೆ, ಪ್ರೀತಿ, ಕ್ಷಮೆ, ಶಿಲುಬೆ, ಪ್ರಾರ್ಥನೆ, ಪರಲೋಕ, ಬೈಬಲ್, ಸಭೆ. ಪ್ರಸಂಗದ, ಅಂದರೆ ಚರ್ಚಿನ ಉಪದೇಶದ, ದೊಡ್ಡ ದೊಡ್ಡ ಮಾತುಗಳಲ್ಲೆಲ್ಲ ತುಟಿ ಸೇರಲೇಬೇಕು. ಅವುಗಳನ್ನು ಗೊಂಬೆಗೆ ಕೊಡಲೇಬೇಡಿ, ನೀವೇ ಹೇಳಿ. ಗೊಂಬೆಗೆ ಪ್ರಶ್ನೆ ಕೊಡಿ. ಯೇಸುವನ್ನು ನೋಡಲು ಮರ ಹತ್ತಿದ, ಜನರ ದುಡ್ಡು ತಿನ್ನುತ್ತಾನೆ ಎಂದು ಹೆಸರಾಗಿದ್ದ ಸುಂಕದವನು ಜಕ್ಕಾಯನ ಕಥೆ ತಗೊಳ್ಳಿ:

‘ಟೀಚರ್, ಜಕ್ಕಾಯ ಯಾಕೆ ಅಲ್ಲಿ ಹತ್ತಿ ಕೂತ?’
‘ಅವನು ಕುಳ್ಳ. ಜನರ ಮಧ್ಯೆ ಯೇಸು ಕಾಣಿಸಲಿಲ್ಲ.’
‘ಅಲ್ಲ ಟೀಚರ್, ಕಳ್ಳನ ಜೊತೆ ಯೇಸು ಯಾಕೆ ಹೋದ್ರು?’

ಗೊಂಬೆಯ ಎರಡೂ ಸಾಲಿನಲ್ಲಿ ತುಟಿ ಸೇರುವ ಅಕ್ಷರ ಒಂದೂ ಇಲ್ಲ, ಕನ್ನಡಿ ಮುಂದೆ ಹೇಳಿ ನೋಡಿ. ಗೊಂಬೆಗೆ ಹೆಸರಿಡುವಾಗಲೂ ಚಿನ್ನಿ, ಕಿಟ್ಟಿ ಆಗಲಿ. ಪಾಪು, ಬಬ್ಲು ಬೇಡ. ಅದು ನಿಮ್ಮನ್ನು ಟೀಚರ್ ಅನ್ನಲಿ, ಮೇಡಂ ಬೇಡ.

ಇದು ಬರೀ ತುಟಿಯ ಅನುಕೂಲದ ಮಾತಲ್ಲ. ಕಳ್ಳನ ಜೊತೆ ಯಾಕೆ ಹೋದರು ಎಂಬ ಪ್ರಶ್ನೆ ಕ್ಲಾಸಿನ ಅರ್ಧ ಮಕ್ಕಳ ಮನಸ್ಸಿನಲ್ಲಿ ಇರುತ್ತದೆ. ಕೇಳಲು ಹೆದರುತ್ತಾರೆ. ಗೊಂಬೆಗೆ ಆ ಹೆದರಿಕೆ ಇಲ್ಲ. ನಮ್ಮ ತೊಗಲು ಗೊಂಬೆಯಾಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಮಾಡುವುದೂ ಅದನ್ನೇ ಅಲ್ವಾ? ರಾಮ, ಅರ್ಜುನ ಆಡಲಾಗದ ಮಾತನ್ನೆಲ್ಲ ಆ ಜೋಡಿ ಆಡುತ್ತದೆ. ಮಾತಾಡುವ ಗೊಂಬೆಯ ಕಲಾವಿದೆ ಇಂದುಶ್ರೀ ಅವರ ಗೊಂಬೆ ಡಿಂಕು ನಗಿಸುವುದೂ ತರಲೆಯಿಂದಲೇ. ಅಮೆರಿಕದ ಎಡ್ಗರ್ ಬರ್ಗನ್ 1937ರಿಂದ ತನ್ನ ಗೊಂಬೆ ಚಾರ್ಲಿ ಮೆಕಾರ್ಥಿಯ ಜೊತೆ ರೇಡಿಯೋದಲ್ಲಿ ಕಾರ್ಯಕ್ರಮ ಕೊಟ್ಟ. ರೇಡಿಯೋದಲ್ಲಿ! ತುಟಿ ಯಾರಿಗೆ ಕಾಣುತ್ತೆ? ಅವನ ತುಟಿ ಅಲ್ಲಾಡುತ್ತಿತ್ತು ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ, ಗೊಂಬೆಯೇ ಅದನ್ನು ಆಡಿಕೊಳ್ಳುತ್ತಿತ್ತು. ಆದರೂ ಜನ ಬಿಡಲಿಲ್ಲ, ಮರುವರ್ಷ ಅವನಿಗೆ ಮರದ ಆಸ್ಕರ್ ಕೊಟ್ಟರು. ಹಾಗಾಗಿ ತುಟಿ ಒಂದೆರಡು ಸಲ ಅಲ್ಲಾಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಕೈಕೆಲಸದ ಕಡೆ ಜಾಸ್ತಿ ಗಮನ ಕೊಡಿ. ಹೊಸಬರು ಮಾತಿಗೆ ಸರಿಯಾಗಿ ಗೊಂಬೆಯ ಬಾಯಿ ಮುಚ್ಚುತ್ತಾರೆ, ಆಗ ಅದು ಮಾತನ್ನು ಕಚ್ಚಿ ತಿಂದ ಹಾಗೆ ಕಾಣುತ್ತದೆ. ಅಕ್ಷರ ಹೊರಡುವಾಗ ಬಾಯಿ ತೆರೆಯಬೇಕು, ಅದೂ ಹೆಬ್ಬೆರಳನ್ನು ಕೆಳಗೆ ಇಳಿಸಿ. ಮೇಲಿನ ಬೆರಳು ಎತ್ತಿದರೆ ತಲೆ ಹಿಂದಕ್ಕೆ ವಾಲಿ ಗೊಂಬೆ ಚಾವಣಿ ನೋಡುತ್ತದೆ. ನೀವು ಮಾತಾಡುವಾಗ ಅದು ನಿಮ್ಮ ಕಡೆ ತಿರುಗಿರಲಿ. ದನಿ ಬದಲಿಸಲು ಗಂಟಲು ಹಿಂಡಬೇಡಿ, ನೋವಾದರೆ ನಿಲ್ಲಿಸಿ. ತೀರಾ ಚಿಕ್ಕ ಮಕ್ಕಳ ಮುಖಕ್ಕೆ ಗೊಂಬೆ ಹಿಡಿಯಬೇಡಿ, ಕೆಲವರು ಹೆದರಿ ಅಳುತ್ತಾರೆ. ದೂರದಿಂದ ಶುರು ಮಾಡಿ, ಅವರೇ ಹತ್ತಿರ ಬರಲಿ. ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳ ಮಕ್ಕಳಿದ್ದರೆ ಗೊಂಬೆ ತಮಿಳಿನಲ್ಲೂ ಒಂದು ಸಾಲು ಉದುರಿಸಲಿ. ಕೊಂಕಣಿ, ತುಳು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಕೆಲವು ವಿಷಯದಲ್ಲಿ ನಾನು ಗಟ್ಟಿ. ಗೊಂಬೆ ಪ್ರಾರ್ಥನೆ ಮಾಡಬಾರದು. ‘ನನಗೂ ರಕ್ಷಣೆ ಸಿಕ್ಕಿತು’ ಅನ್ನಬಾರದು. ಬಟ್ಟೆ, ಹತ್ತಿಗೆ ಏನು ರಕ್ಷಣೆ? ದೇವರ ದನಿಯನ್ನು, ಯೇಸುವಿನ ದನಿಯನ್ನು ಅದರ ಬಾಯಲ್ಲಿ ಇಡಬಾರದು. ‘ಯಾರ್ಯಾರು ಯೇಸುವನ್ನು ನಂಬ್ತೀರಿ, ಕೈ ಎತ್ತಿ’ ಎಂದು ಗೊಂಬೆ ಕೇಳಲೇಬಾರದು. ಮಕ್ಕಳು ಗೊಂಬೆಯ ಮೇಲಿನ ಆಸೆಗೆ ಕೈ ಎತ್ತುತ್ತಾರೆ. ಟೀಚರಿಗೆ ಹೇಳದ ಮನೆಯ ಕಷ್ಟವನ್ನು ಮಗು ಗೊಂಬೆಯ ಕಿವಿಯಲ್ಲಿ ಹೇಳುವುದೂ ಉಂಟು. ಆಗ ಆಟ ನಿಲ್ಲಿಸಿ, ಗೊಂಬೆ ಪಕ್ಕಕ್ಕಿಟ್ಟು, ನೀವೇ ಕೂತು ಕೇಳಿ.

ಬರ್ತ್‌ಡೇಗೆ ಧಾರಾಳವಾಗಿ ಹೋಗಿ. ಶ್ರಮಕ್ಕೆ ದುಡ್ಡು ತಗೊಳ್ಳಿ, ಎಷ್ಟು ಎಂದು ಮೊದಲೇ ಮಾತಾಡಿ. ಅಲ್ಲಿಗೆ ಎಲ್ಲ ಜಾತಿ, ಧರ್ಮದ ಮಕ್ಕಳು ಬರುತ್ತಾರೆ. ಕೇಕ್ ತಿನ್ನಲು ಬಂದ ಮಕ್ಕಳಿಗೆ ಸದ್ದಿಲ್ಲದೆ ಪ್ರಸಂಗ ಬಡಿಸುವುದು ಸರಿಯಲ್ಲ. ಮನೆಯವರೇ ಬೈಬಲ್ ಕಥೆ ಬೇಕು ಎಂದರೆ ಬೇರೆ ಮಾತು. ಹುಡುಗನ ಇಷ್ಟ, ಅಡ್ಡಹೆಸರು ತಾಯಿಯನ್ನು ಕೇಳಿಕೊಂಡು ಹೋಗಿ. ಬಣ್ಣ, ದಪ್ಪ, ಮಾರ್ಕ್ಸ್ ಬಗ್ಗೆ ಜೋಕು ಬೇಡ. ಹದಿನೈದು ನಿಮಿಷಕ್ಕೆ ಮುಗಿಸಿ, ಇನ್ನೂ ಬೇಕು ಎಂದು ಕೂಗಿದರೂ.

ಜಕ್ಕಾಯನ ಸಂಭಾಷಣೆಯನ್ನು ಮುಂದುವರಿಸಿ ಬರೆದು ಕಳುಹಿಸುತ್ತೀರಾ? ಬೇರೆ ಸಂಡೇ ಸ್ಕೂಲ್ ಟೀಚರುಗಳಿಗೂ ಉಪಯೋಗ ಆಗುತ್ತದೆ. ರಜೆಗೆ ಮುಂಚಿನ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿರುತ್ತೇನೆ. ಗೊಂಬೆಯ ಸಾಲುಗಳಲ್ಲಿ ಪ, ಬ, ಮ ಕಂಡರೆ ಕೆಂಪು ಪೆನ್ನು ಹಿಡಿಯುತ್ತೇನೆ.

– ಸಂಪಾದಕ, ಹಾಸನ