ಗುಂಡನ ಆಪರೇಷನ್: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಗುರುತುಗಳನ್ನು ಬದಲಿಸಿದ್ದೇನೆ.)

"ಮೇಡಂ, ಆಪರೇಷನ್ ಮಾಡಿಸಲಾ, ಬೇಡ್ವಾ? ನೀವೇ ಹೇಳಿಬಿಡಿ." ಶೋಭಾ ಕುರ್ಚಿಯಲ್ಲಿ ಸರಿಯಾಗಿ ಕೂತೂ ಇರಲಿಲ್ಲ.

ಮನೆಯಲ್ಲಿ ಆರು ವರ್ಷದ ಗಂಡು ಫೆರೆಟ್, ಮುಂಗುಸಿಯಂತೆ ಕಾಣುವ ಪುಟ್ಟ ಸಾಕುಪ್ರಾಣಿ. ಹೆಸರು ಗುಂಡ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಇನ್ಸುಲಿನೋಮಾ ಎಂದಿದ್ದರು ವೈದ್ಯರು. ಫೆರೆಟ್‌ಗಳಲ್ಲಿ ಇದು ತೀರಾ ಸಾಮಾನ್ಯ. ಗಡ್ಡೆ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. 70ಕ್ಕಿಂತ ಕೆಳಗಿದ್ದರೇ ವೈದ್ಯರಿಗೆ ಅನುಮಾನ. ಗುಂಡನದ್ದು 48. ಹಿಂಗಾಲು ಎಳೆಯುತ್ತಿದ್ದ, ಜೊಲ್ಲು ಸುರಿಸುತ್ತಿದ್ದ, ಸುಮ್ನೆ ಗೋಡೆ ನೋಡುತ್ತಾ ನಿಂತುಬಿಡುತ್ತಿದ್ದ.

"ಮನೆಯವರು ಏನಂತಾರೆ?"

"ನಿನ್ನಿಷ್ಟ ಅಂದು ಟಿವಿ ಹಾಕಿದ್ರು. ಮಗ ಮಾಡಿಸಲೇಬೇಕು ಅಂತಾನೆ."

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಗುಂಡನಿಗೆ ಬಾಯಿ ಬಂದಿದ್ದರೆ ಏನು ಹೇಳುತ್ತಿದ್ದ?" ಎಂದು ಕೇಳಿದೆ. ಅವರು ಹತ್ತು ನಿಮಿಷ ಅತ್ತರು. ಈ ಪ್ರಶ್ನೆಯನ್ನು ಮತ್ತೆ ಯಾರಿಗೂ ಕೇಳಿಲ್ಲ. ಉತ್ತರವೇ ಇಲ್ಲದ ಪ್ರಶ್ನೆ ಅದು, ಅಲ್ವಾ?

ಆಮೇಲೆ ದಾರಿ ಬದಲಿಸಿದೆ. ಮೊದಲು ಅವನು ಹೇಗಿದ್ದ ಎಂದು ಕೇಳಿದೆ. ಮುಖ ಅರಳಿತು. ಮನೆಯ ಕಾಲುಚೀಲಗಳನ್ನೆಲ್ಲ ಕದ್ದು ಸೋಫಾ ಕೆಳಗೆ ತುರುಕುತ್ತಿದ್ದನಂತೆ. ಒಂದು ಭಾನುವಾರ ಸೋಫಾ ಸರಿಸಿದಾಗ ಹದಿನೇಳು ಸಿಕ್ಕಿದ್ದವು, ಒಂದಕ್ಕೂ ಜೋಡಿಯಿಲ್ಲ. "ಈಗ ಎರಡು ತಿಂಗಳಾಯ್ತು, ಒಂದೂ ಕಳೆದಿಲ್ಲ," ಎಂದರು.

ಮಾತಾಡುತ್ತಾ ಒಂದು ವಿಷಯ ಗೊತ್ತಾಯಿತು. ಕೊಯ್ದು ತೆಗೆದರೆ ರೋಗ ಹೋಯಿತು, ತೆಗೆಸದಿದ್ದರೆ ನಾನೇ ಕೊಂದ ಹಾಗೆ ಎಂದು ಶೋಭಾ ತಿಳಿದಿದ್ದರು. ಈ ಗಡ್ಡೆಯ ವಿಷಯ ಹಾಗಲ್ಲ. ಕಣ್ಣಿಗೆ ಕಾಣದ ಚೂರುಗಳು ಉಳಿಯುತ್ತವೆ, ಬಹಳಷ್ಟು ಸಲ ಮತ್ತೆ ಬೆಳೆಯುತ್ತವೆ. ಆಪರೇಷನ್‌ನಿಂದ ಸಿಗುವುದು ಸಮಯ, ಕೆಲವೊಮ್ಮೆ ಒಳ್ಳೆಯ ಸಮಯ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಕೆಲವು ಗಂಟೆಗೊಮ್ಮೆ ಮಾಂಸದ ಊಟ, ಇದೂ ಒಂದು ದಾರಿಯೇ. ಅದು ಕೈಚೆಲ್ಲಿ ಕೂತಂತೆ ಅಲ್ಲ.

ತೀರ್ಮಾನ ನಾನು ಹೇಳಲಿಲ್ಲ. ವೈದ್ಯರ ಹತ್ತಿರ ಮತ್ತೆ ಹೋಗಿ ಬನ್ನಿ ಎಂದೆ. ಫೆರೆಟ್‌ಗಳಿಗೆ ಈ ಆಪರೇಷನ್ ಎಷ್ಟು ಸಲ ಮಾಡಿದ್ದೀರಿ ಎಂದು ಸಂಕೋಚ ಬಿಟ್ಟು ಕೇಳಿ. ಹೊಟ್ಟೆ ತೆರೆದಾಗ ರೋಗ ಬೇರೆಡೆಗೂ ಹರಡಿದ್ದು ಕಂಡರೆ ಏನು ಮಾಡುತ್ತೀರಿ, ನಮಗೆ ಫೋನ್ ಮಾಡುತ್ತೀರಾ, ಅದನ್ನೂ ಕೇಳಿ. ಗಂಡನನ್ನು ಕರೆದುಕೊಂಡೇ ಹೋಗಿ. ಇನ್ನು ಸಾಕು ಎನ್ನಲು ಗುರುತು ಯಾವುದು ಎಂದು ಮೂವರೂ ಕೂತು ಈಗಲೇ ಬರೆದಿಡಿ. ಫಿಟ್ಸ್ ಬಂದ ರಾತ್ರಿ ಅದನ್ನು ಯೋಚಿಸಲು ಆಗುವುದಿಲ್ಲ. ಮಗನಿಗೆ ಸುಳ್ಳು ಮಾತ್ರ ಬೇಡ.

ಮುಂದಿನ ವಾರ ಚೀಟಿ ತಂದು ತೋರಿಸಿದರು. ಮೂರು ಸಾಲು. ಊಟ ಬಿಟ್ಟರೆ. ಮಾತ್ರೆ ಹೆಚ್ಚಿಸಿದರೂ ಫಿಟ್ಸ್ ನಿಲ್ಲದಿದ್ದರೆ. ಮೂರನೆಯದು ಮಗನ ಅಕ್ಷರ: ಕಾಲುಚೀಲ ಮುಂದಿಟ್ಟರೂ ಮೂಸದಿದ್ದರೆ.

ಕೊನೆಗೆ ಆಪರೇಷನ್ ಮಾಡಿಸಲಿಲ್ಲ. ಮಾಡಿಸಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಮಾತ್ರೆಯ ಮೇಲೆ ಗುಂಡ ಏಳು ತಿಂಗಳು ಇದ್ದ.

ಶೋಭಾ ಈಗಲೂ ಬರುತ್ತಾರೆ. ಮನೆಯ ಪ್ರತಿ ತೀರ್ಮಾನವೂ ತಮ್ಮ ತಲೆಗೇ ಯಾಕೆ ಬಂದು ಬೀಳುತ್ತದೆ ಎನ್ನುವುದು ಈಗಿನ ಮಾತು.